ಸೀಸದ ಸಿಪಾಯಿಗೆ ಅವಸರದ ಬಣ್ಣ

ಯುದ್ಧದ ಆಟಕ್ಕೆಂದು ಎರಕ ಹೊಯ್ದ ಪುಟ್ಟ ಸಿಪಾಯಿಗಳಿಗೆ ಬಣ್ಣ ಬಳಿದದ್ದೂ ವಿಮರ್ಶೆಯ ವಸ್ತುವೇ ಎಂದು ಕೆಲವರು ಮೂಗು ಮುರಿದಾರು. 1913ರಲ್ಲಿ ಎಚ್. ಜಿ. ವೆಲ್ಸ್ ಇಂಥ ಆಟದ ನಿಯಮಗಳನ್ನೇ ‘ಲಿಟಲ್ ವಾರ್ಸ್’ ಎಂಬ ಪುಸ್ತಕವಾಗಿ ಪ್ರಕಟಿಸಿದನು. ಆತನಿಗಿಲ್ಲದ ಸಂಕೋಚ ನಮಗೇಕೆ?

ಮಧುಗಿರಿಯ ಮಿತ್ರರೊಬ್ಬರು ಅಟ್ಟದಲ್ಲಿ ಬಹುಕಾಲ ಬಿದ್ದಿದ್ದ ಸುಮಾರು ಇನ್ನೂರು ಸಿಪಾಯಿಗಳನ್ನು ಕೆಳಗಿಳಿಸಿ, ಹತ್ತೇ ದಿನಗಳಲ್ಲಿ ಬಣ್ಣ ಹಾಕಿ ಮೇಜಿನ ಮೇಲೆ ನಿಲ್ಲಿಸಿದ್ದಾರೆ. ಅವರು ಆರಿಸಿಕೊಂಡಿರುವುದು 1767ರ ಕಥೆ: ಪೇಶ್ವೆ ಮಾಧವರಾಯ ಹೈದರನಿಂದ ಸಿರಾ ಮತ್ತು ಮಧುಗಿರಿಗಳನ್ನು ಕಿತ್ತುಕೊಂಡು, ಮಧುಗಿರಿಯ ಕೋಟೆಯಲ್ಲಿ ಸೆರೆಯಲ್ಲಿದ್ದ ಕೆಳದಿಯ ರಾಣಿ ವೀರಮ್ಮಾಜಿಯನ್ನು ಬಿಡಿಸಿದ ವರ್ಷ.

ಅವರ ವಿಧಾನ ಸರಳ. ಹಳೆಯ ಬಣ್ಣವನ್ನು ಕೆರೆಯದೆ ಧೂಳನ್ನಷ್ಟೇ ಒದ್ದೆಬಟ್ಟೆಯಿಂದ ಒರೆಸಿದರು. ಇದು ಜಾಣತನ, ಸೀಸದ ಪುಡಿ ಉಸಿರಿಗೆ ಹೋದರೆ ವಿಷ. ಆಮೇಲೆ ಇಪ್ಪತ್ತು ಸಿಪಾಯಿಗಳನ್ನು ಸಾಲಾಗಿಟ್ಟು ಎಲ್ಲರಿಗೂ ಅಂಗಿ, ಎಲ್ಲರಿಗೂ ಮುಂಡಾಸು, ಎಲ್ಲರಿಗೂ ಬಂದೂಕು. ಕೊನೆಗೆ ನೀರಾದ ಕಂದು ಬಣ್ಣವನ್ನು ಮೇಲೆ ಹರಿಯಬಿಟ್ಟರೆ ಅದು ಮಡಿಕೆಗಳಲ್ಲಿ ನಿಂತು ನೆರಳಿನ ಕೆಲಸ ಮಾಡುತ್ತದೆ. ಹುಬ್ಬು ಬರೆಯುವ ಗೋಜಿಲ್ಲ. ಮೂರಡಿ ದೂರದಿಂದ ನೋಡುವ ಕಣ್ಣಿಗೆ ಹುಬ್ಬು ಬೇಕಾಗಿಯೂ ಇಲ್ಲ.

ಈ ಅವಸರವನ್ನು ನಾನು ತಪ್ಪೆನ್ನಲಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಕಾಳಗವಿದೆಯಷ್ಟೆ. ಅಲ್ಲಿ ಸಾಲುಸಾಲು ಸಿಪಾಯಿಗಳಿಗೆ ಒಂದೇ ಮುಖ, ಒಂದೇ ನಿಲುವು. ಕಾಣಬೇಕಾದದ್ದು ಆಳಲ್ಲ, ದಂಡು. ಆ ಚಿತ್ರಕ್ಕೂ ವೆಲ್ಲೆಸ್ಲಿಯ ಕಾಲದಲ್ಲೊಮ್ಮೆ, ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಹೊಸ ಬಣ್ಣ ಬಿದ್ದಿದೆ.

ಆದರೆ ಮಿತ್ರರು ಹೈದರನ ಸಿಪಾಯಿಗಳಿಗೆ ಹುಲಿಪಟ್ಟೆಯ ಅಂಗಿ ತೊಡಿಸಿದ್ದಾರೆ. ಅದು ಟೀಪುವಿನ ದಂಡಿನ ಗುರುತು. ಟೀಪು ಪಟ್ಟಕ್ಕೆ ಬಂದದ್ದು 1782ರಲ್ಲಿ; ಹದಿನೈದು ವರ್ಷ ಮುಂಚೆಯೇ ಹುಲಿ ಮಧುಗಿರಿಗೆ ಬಂದುಬಿಟ್ಟಿದೆ! ಇದನ್ನು ತಿದ್ದುವುದು ಅರ್ಧ ದಿನದ ಕೆಲಸ.

ನನ್ನ ನಿಜವಾದ ತಕರಾರು ಬೇರೆ. ಮೇಜಿನ ಅಂಚಿನಲ್ಲಿ ಕೊರಟಗೆರೆ, ಪಾವಗಡ ಎಂದು ಚೀಟಿ ಅಂಟಿಸಿ ಈಟಿ ಹಿಡಿದ ಅರವತ್ತು ಆಳುಗಳನ್ನು ನಿಲ್ಲಿಸಿದ್ದಾರೆ: ಪಾಳೆಯಗಾರರ ಪಡೆ. ಅವರೆಲ್ಲರಿಗೂ ಒಂದೇ ಕೆಂಪು ಅಂಗಿ. ಕವಾಯತು ಕಲಿತ ಸಿಪಾಯಿಗೆ ಅರಸ ಬಟ್ಟೆ ಕೊಡುತ್ತಿದ್ದ. ಪಾಳೆಯಗಾರನ ಕರೆಗೆ ಓಡಿಬಂದ ಬೇಡನೂ ಒಕ್ಕಲಿಗನೂ ತನ್ನ ಕಂಬಳಿಯನ್ನೇ ಹೊದ್ದು ಬರುತ್ತಿದ್ದ. ಅವರಿಗೆ ಸಮವಸ್ತ್ರವೆಂಬುದಿರಲಿಲ್ಲ. ದಂಡಿನ ಕುಂಚವನ್ನು ಊರಿನ ಮೇಲೂ ಎಳೆದದ್ದರಿಂದ ನಮ್ಮ ಸೀಮೆಯ ಜನ ನಮ್ಮ ಮೇಜಿನ ಮೇಲೆಯೇ ಗುರುತು ಸಿಗದಂತಾಗಿದ್ದಾರೆ. ಹೈದರನ ಸಾಲಿನಲ್ಲಿ ಶೋಭಿಸುವ ಏಕರೂಪ ಇಲ್ಲಿ ಸುಳ್ಳಾಗುತ್ತದೆ.

ಇದಕ್ಕೆ ತಿಂಗಳುಗಟ್ಟಲೆ ಕೂಡಬೇಕಾಗಿಲ್ಲ. ಐದು ಬಟ್ಟಲಲ್ಲಿ ಕರಿ, ಬೂದಿ, ಕಾವಿ, ಮಾಸಲು ಬಿಳಿ, ಮಣ್ಣಿನ ಬಣ್ಣಗಳನ್ನಿಟ್ಟು, ಸಾಲಿನಲ್ಲಿ ಪ್ರತಿ ಐದನೆಯವನಿಗೆ ಒಂದೊಂದರಂತೆ ಬಳಿಯುತ್ತ ಹೋದರೆ, ಮುಂಡಾಸಿನ ಸುತ್ತಿಗೆ ಅದೇ ಕ್ರಮವನ್ನು ಒಂದು ಮನೆ ಸರಿಸಿದರೆ, ಅರವತ್ತರಲ್ಲಿ ಅಕ್ಕಪಕ್ಕದ ಇಬ್ಬರೂ ಒಂದೇ ಆಗಿ ಕಾಣರು. ಎರಡು ಸಂಜೆ ಸಾಕು. ಮಿತ್ರರ ಪೆಟ್ಟಿಗೆಯಲ್ಲಿ ಬಣ್ಣ ಕಾಣದ ಮೂವತ್ತು ಈಟಿಯವರು ಇನ್ನೂ ಇದ್ದಾರೆ, ಅವರಿಂದಲೇ ಆರಂಭಿಸಬಹುದು.