ಲೋಹದ ನ್ಯಾನೋಕಣಗಳೂ ಜೀವಕೋಶದ ಸಾಕ್ಷ್ಯವೂ

ಸಸ್ಯಗಳ ನೆರವಿನಿಂದ 1ರಿಂದ 100 ನ್ಯಾನೋಮೀಟರ್ ಗಾತ್ರದ ಲೋಹಕಣಗಳನ್ನು ಪಡೆಯುವುದನ್ನು ಕುರಿತ ಪ್ರಬಂಧಗಳು ಈಚೆಗೆ ಹೇರಳವಾಗಿ ಪ್ರಕಟವಾಗುತ್ತಿವೆ. 2004ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಮೊದಲಾದವರು ಬೇವಿನೆಲೆಯ ಸಾರದಿಂದ ಬೆಳ್ಳಿ, ಚಿನ್ನಗಳ ಕಣಗಳನ್ನು ಪಡೆದುದು ಈ ಮಾರ್ಗದ ಒಂದು ಮುಖ್ಯ ಹೆಜ್ಜೆ. ಆದರೆ ಎಲೆಯ ಸಾರವು ಋತು, ಮಣ್ಣು, ಗಿಡದ ವಯಸ್ಸುಗಳಿಗೆ ಅನುಗುಣವಾಗಿ ಬದಲಾಗುವಂಥದು. ಮದ್ದೂರಿನ ಬೇವೂ ಮಳವಳ್ಳಿಯ ಬೇವೂ ಒಂದೇ ಫಲವನ್ನು ಕೊಡಬೇಕೆಂಬ ನಿಯಮವಿಲ್ಲ. ಗೊತ್ತಾದ ಪೋಷಕ ದ್ರವದಲ್ಲಿ ಬೆಳೆಸಿದ ಸಸ್ಯಕೋಶ, ಪಾಚಿಕೋಶಗಳು ಈ ಕೊರತೆಯನ್ನು ನೀಗಿಸುವುವೆಂಬ ವಾದವು ಬಹುಮಟ್ಟಿಗೆ ಯುಕ್ತವಾದುದೇ.

ಆದರೂ ಇತಿಹಾಸದ ಅಭ್ಯಾಸಿಯು ಯಾವ ಸಾಕ್ಷ್ಯವನ್ನೂ ಪಾಟೀಸವಾಲಿಲ್ಲದೆ ಅಂಗೀಕರಿಸಲಾರನು. ಶಾಸನವು ಕೆರೆಯ ಕೀರ್ತಿಯನ್ನು ಅರಸನಿಗೆ ಕೊಟ್ಟರೆ, ಕಟ್ಟಿದವರು ಯಾರೆಂದು ನಾವು ಕೇಳುತ್ತೇವೆ. ಇಲ್ಲಿಯೂ ಪ್ರಶ್ನೆ ಅದೇ: ಲವಣದಿಂದ ಬೆಳ್ಳಿಯನ್ನು ಬಿಡಿಸಿದುದು ಜೀವಕೋಶವೋ, ಅದು ಬೆಳೆದ ದ್ರವವೋ? 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ದ್ರವದಲ್ಲಿ ಲೀಟರಿಗೆ 30 ಗ್ರಾಂ ಸುಕ್ರೋಸ್, ಎಂದರೆ ಮಂಡ್ಯದ ಕಬ್ಬಿನಲ್ಲಿರುವ ಸಕ್ಕರೆಯೇ, ಇರುತ್ತದೆ. ಕ್ರಿಮಿಶುದ್ಧಿಗಾಗಿ ಆವಿಯ ಒತ್ತಡದಲ್ಲಿ ಕಾಯಿಸುವಾಗ ಅದರ ಅಲ್ಪಭಾಗವು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಇವೆರಡೂ ಬೆಳ್ಳಿಯ ಅಯಾನುಗಳನ್ನು ಲೋಹವಾಗಿಸಬಲ್ಲವು. ದ್ರವದಲ್ಲಿರುವ ಕ್ಲೋರೈಡು ಬೆಳ್ಳಿಯೊಡನೆ ಕೂಡಿ ಬಿಳಿಯ ಸಿಲ್ವರ್ ಕ್ಲೋರೈಡಾಗಿ ತಳಕ್ಕಿಳಿಯುವುದೂ ಉಂಟು. ಪಾಚಿಯನ್ನು ಸಕ್ಕರೆಯಿಲ್ಲದೆ ಬೆಳಕಿನಲ್ಲಿ ಬೆಳೆಸಬಹುದು, ನಿಜ. ಆದರೆ ಬೆಳಕೂ ಬೆಳ್ಳಿಯ ಲವಣವನ್ನು ಕಪ್ಪಾಗಿಸುವುದೆಂಬುದು ಛಾಯಾಗ್ರಾಹಕರಿಗೆ ಹಳೆಯ ಸಂಗತಿ.

ಆದುದರಿಂದ ದ್ರವವು ಕಂದುಬಣ್ಣಕ್ಕೆ ತಿರುಗಿದೊಡನೆ ಕೋಶಕ್ಕೆ ಕೀರ್ತಿ ಸಲ್ಲಿಸುವುದು ಅವಸರದ ತೀರ್ಪು. ಕೋಶವನ್ನೇ ಹಾಕದ ದ್ರವ, ಕೋಶಗಳನ್ನು ಸೋಸಿ ತೆಗೆದ ದ್ರವ, ಕಾಯಿಸಿ ಕೊಂದ ಕೋಶ, ಜೀವಂತ ಕೋಶ ಈ ನಾಲ್ಕನ್ನೂ ಬೆಳಕಿನಲ್ಲಿಯೂ ಕತ್ತಲೆಯಲ್ಲಿಯೂ ಇಟ್ಟು ಹೋಲಿಸಬೇಕು. ಕಣಗಳ ಗಾತ್ರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನಿಶ್ಚಯಿಸಬೇಕು.

‘ಹಸಿರು ವಿಧಾನ’ವೆಂಬ ಹೆಸರಿಗೂ ಇದೇ ಪರೀಕ್ಷೆ ಸಲ್ಲುತ್ತದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಆ ವಿದ್ಯುತ್ತಿಗೆ ಹೊಗೆಯಿರಲಿಲ್ಲ. ಆದರೆ ಅದಿರಿನಿಂದ ಚಿನ್ನವನ್ನು ಬೇರ್ಪಡಿಸಲು ಸಯನೈಡ್ ಬೇಕಾಯಿತು. 2001ರಲ್ಲಿ ಗಣಿಗಳು ಮುಚ್ಚಿದ ಮೇಲೂ ತ್ಯಾಜ್ಯದ ದಿಬ್ಬಗಳು ಉಳಿದಿವೆ. ಒಂದು ಹಂತದ ಶುಚಿತ್ವವು ಇಡೀ ಕಾರ್ಯದ ಶುಚಿತ್ವವಲ್ಲ. ಲೋಹವು ಎಲ್ಲಿಂದ ಬಂದಿತು, ಉಳಿದ ಬೆಳ್ಳಿಯ ದ್ರಾವಣ ಎಲ್ಲಿಗೆ ಹೋಯಿತು ಎಂಬುದನ್ನೂ ಪ್ರಬಂಧವು ಹೇಳಬೇಕು. ಬೆಳ್ಳಿಯ ಅಯಾನುಗಳು ನೀರಿನ ಪಾಚಿಗೇ ವಿಷವಷ್ಟೆ. ನಾಲೆಯ ನೀರನ್ನು ನೆಚ್ಚಿದ ಈ ಸೀಮೆಯ ವಿದ್ಯಾರ್ಥಿಗಳು ಇಂತಹ ಪ್ರಯೋಗವನ್ನು ಕೈಗೊಳ್ಳುವಾಗ ಈ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬರೆದಿಡುವುದು ಉಚಿತ.