ರಾಗಿ ತಳಿಗಳ ಆಯ್ಕೆಯಲ್ಲಿ ಆನುವಂಶಿಕತೆಯ ಅಂಕ: ಒಂದು ವಿಮರ್ಶೆ

ರಾಗಿಯ ತಳಿ ಸಂವರ್ಧನೆಯನ್ನು ಕುರಿತ ಪ್ರಬಂಧಗಳಲ್ಲಿ ಒಂದು ಕೋಷ್ಟಕ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಗಿಡದ ಎತ್ತರ, ತೆಂಡೆಗಳ ಸಂಖ್ಯೆ, ತೆನೆಯ ಬೆರಳುಗಳ ಉದ್ದ, ಕಾಳಿನ ಇಳುವರಿ ಇವುಗಳ ಎದುರಿಗೆ ಆನುವಂಶಿಕತೆಯ ಪ್ರಮಾಣವನ್ನು ಶೇಕಡಾ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಅಂಕ ದೊಡ್ಡದಾಗಿದ್ದರೆ ಆ ಗುಣಕ್ಕೆ ಆಯ್ಕೆ ಫಲಕಾರಿಯೆಂಬ ತೀರ್ಮಾನ ಕೂಡಲೇ ಹಿಂಬಾಲಿಸುತ್ತದೆ. ಈ ತೀರ್ಮಾನವನ್ನು ನಾವು ಒಪ್ಪಲಾರೆವು. ಗಣಿತ ತಪ್ಪೆಂದಲ್ಲ, ಆ ಅಂಕ ಯಾವ ಹೊಲಕ್ಕೆ ಸೇರಿದ್ದೆಂಬುದನ್ನು ಬರೆದವರು ಮರೆತಿರುತ್ತಾರೆ.

ಮೈಸೂರು ಸೀಮೆಗೆ ಈ ವಿಚಾರ ಹೊರಗಿನದಲ್ಲ. ಲೆಸ್ಲಿ ಕೋಲ್‌ಮನ್ನರ ಕಾಲದಲ್ಲಿ ನಾಡರಾಗಿಯೊಳಗಿಂದಲೇ ಶುದ್ಧಸಂತತಿಗಳನ್ನು ಆರಿಸುವ ಕೆಲಸ ನಡೆಯಿತು. ಶುದ್ಧಸಂತತಿಯೊಂದರ ಒಳಗೆ ಮತ್ತೆ ಆರಿಸಿದರೆ ಫಲವಿಲ್ಲವೆಂದು ಯೋಹಾನ್‌ಸನ್ ಹುರುಳಿಕಾಯಿಯ ಬೀಜಗಳಿಂದ ತೋರಿಸಿದ್ದು 1903ರಲ್ಲಿ. ಆದುದರಿಂದ ಹೊಸ ವೈವಿಧ್ಯ ಬೇಕಾದರೆ ಸಂಕರಕ್ಕೆ ಕೈಹಾಕಲೇಬೇಕು. ರಾಗಿಯ ಹೂವು ಅತಿ ಸಣ್ಣದು, ಸ್ವಪರಾಗಿ. ಅದರ ಕೇಸರಗಳನ್ನು ತೆಗೆಯುವುದು ತಾಳ್ಮೆಯ ಕೆಲಸ. ಆ ಕಷ್ಟವನ್ನು ಹೊತ್ತು ಮಂಡ್ಯದ ವಿ. ಸಿ. ಫಾರಂನಲ್ಲಿ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದರು. ಅವರ ಸಾಧನೆಯನ್ನು ಕೋಷ್ಟಕಗಳ ಬೆಂಬಲವಿಲ್ಲದೆಯೂ ರೈತರು ಗುರುತಿಸಿದರು.

ಈಗ ಲೆಕ್ಕಕ್ಕೆ ಬರೋಣ. ಆಯ್ಕೆಯ ಫಲವೆಂದರೆ ಆನುವಂಶಿಕತೆಯನ್ನು ಆಯ್ಕೆಯ ಅಂತರದಿಂದ ಗುಣಿಸಿದ ಮೊತ್ತ. ತಳಿಗಳ ನಿಜವಾದ ಭೇದದಿಂದ ಬರುವ ವ್ಯತ್ಯಯ 4, ತಳಿಯೂ ಪರಿಸರವೂ ಕೂಡಿ ಹುಟ್ಟಿಸುವ ವ್ಯತ್ಯಯ 8, ಉಳಿದ ಪ್ರಾಯೋಗಿಕ ದೋಷ 4 ಎಂದು ಊಹಿಸಿಕೊಳ್ಳೋಣ. ಒಂದೇ ಸ್ಥಳದಲ್ಲಿ, ಒಂದೇ ಹಂಗಾಮಿನಲ್ಲಿ ಪರೀಕ್ಷೆ ನಡೆದಿದ್ದರೆ ಮೊದಲೆರಡು ಭಾಗಗಳನ್ನು ಬೇರ್ಪಡಿಸಲು ದಾರಿಯೇ ಇಲ್ಲ. ಎರಡೂ ತಳಿಯ ಹೆಸರಿಗೇ ಜಮೆಯಾಗುತ್ತವೆ. ಹದಿನಾರರಲ್ಲಿ ಹನ್ನೆರಡು, ಅಂದರೆ ಶೇಕಡಾ 75. ಆರಿಸಿದ ತಳಿಗಳು ಸರಾಸರಿಗಿಂತ ಹೆಕ್ಟೇರಿಗೆ 4 ಕ್ವಿಂಟಾಲ್ ಮೇಲಿದ್ದರೆ 3 ಕ್ವಿಂಟಾಲಿನ ಲಾಭ ಕಾಗದದ ಮೇಲೆ ಸಿದ್ಧ. ಬೇರೊಂದು ಹೊಲಕ್ಕೆ ಆ ಬೀಜ ಹೋದಾಗ ಜೊತೆಗೆ ಹೋಗುವುದು ಹದಿನಾರರಲ್ಲಿ ನಾಲ್ಕು ಮಾತ್ರ. ಲಾಭ 1 ಕ್ವಿಂಟಾಲ್. ಉಳಿದ ಎರಡನ್ನು ನಂಬಿ ಬೀಜ ಕೊಂಡವನಿಗೆ ಯಾರು ಉತ್ತರ ಹೇಳಬೇಕು?

ನಾಲೆಯ ನೀರಿನಲ್ಲಿ ನಾಟಿ ಮಾಡಿದ ರಾಗಿಗೂ ಹುಣಸೂರು, ಪಿರಿಯಾಪಟ್ಟಣದ ಕಡೆಯ ಕೆಂಪು ನೆಲದಲ್ಲಿ ಮಳೆ ನೋಡಿ ಕೂರಿಗೆಯಲ್ಲಿ ಬಿತ್ತಿದ ರಾಗಿಗೂ ಇರುವ ಅಂತರವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಮತ್ತೊಂದು ರೂಢಿಯ ವಾಕ್ಯ: ಆನುವಂಶಿಕತೆಯೂ ನಿರೀಕ್ಷಿತ ಪ್ರಗತಿಯೂ ಒಟ್ಟಿಗೆ ಹೆಚ್ಚಾಗಿರುವುದರಿಂದ ಜೀನುಗಳ ಸಂಕಲನಕ್ರಿಯೆ ಸಿದ್ಧವಾಯಿತು ಎಂಬುದು. ಸ್ಥಿರಗೊಂಡ ಶುದ್ಧಸಂತತಿಗಳನ್ನು ಹೋಲಿಸುವಾಗ ಪ್ರಬಲತೆಯ ಪರಿಣಾಮಕ್ಕೆ ಎಡೆಯೇ ಇರುವುದಿಲ್ಲ. ಪ್ರಯೋಗದಲ್ಲಿ ಹಾಜರಿಲ್ಲದ ಪ್ರತಿವಾದಿಯನ್ನು ಸೋಲಿಸಿದೆವೆನ್ನುವುದು ನ್ಯಾಯವಲ್ಲ.

ನಮ್ಮ ನಗರದಲ್ಲೇ ಇರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ಹಿಪ್ಪುನೇರಳೆಯ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಹಿಪ್ಪುನೇರಳೆ ಕಡ್ಡಿಯಿಂದ ಬೆಳೆಯುವ ಬೆಳೆ. ಆರಿಸಿದ ಗಿಡದ ಜೀನುಗಳ ಇಡೀ ಕೂಟ ಹಾಗೆಯೇ ಮುಂದಿನ ತೋಟಕ್ಕೆ ಹೋಗುತ್ತದೆ. ಅಲ್ಲಿ ಅಂಕವನ್ನು ಇನ್ನಷ್ಟು ಧೈರ್ಯದಿಂದ ನಂಬಬಹುದಿತ್ತು. ಆದರೂ ವಿ-1 ತಳಿಯನ್ನು ನೀರಾವರಿಗೆ, ಎಸ್-13ನ್ನು ಮಳೆಯಾಶ್ರಯದ ತೋಟಕ್ಕೆ ಎಂದು ಬೇರೆ ಬೇರೆಯಾಗಿಯೇ ಶಿಫಾರಸು ಮಾಡಲಾಗಿದೆ. ಈ ವಿವೇಕ ರಾಗಿಯ ಪ್ರಬಂಧಗಳಲ್ಲಿ ಅಪರೂಪ.

ಹಲವು ಸ್ಥಳಗಳಲ್ಲಿ, ಹಲವು ವರ್ಷ ಪರೀಕ್ಷಿಸಲು ವಿದ್ಯಾರ್ಥಿಗೆ ಕಾಲವೂ ಹಣವೂ ಸಾಲದೆಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ಅದು ನಿಜವೂ ಹೌದು. ಹಾಗಿದ್ದಲ್ಲಿ ಕೋಷ್ಟಕದ ತಲೆಯ ಮೇಲೆ ಸ್ಥಳ, ಹಂಗಾಮು, ನೀರಿನ ವ್ಯವಸ್ಥೆಗಳನ್ನು ಬರೆದು, ತೀರ್ಮಾನವನ್ನು ಅಷ್ಟಕ್ಕೇ ನಿಲ್ಲಿಸಲಿ. ಇನ್ನೊಂದು ಕಲಮನ್ನೂ ಸೇರಿಸಬೇಕೆಂದು ನಮ್ಮ ಕೋರಿಕೆ. ದನ ಕಟ್ಟಿದ ಮನೆಯಲ್ಲಿ ರಾಗಿಯನ್ನು ಕಾಳಿಗಾಗಿ ಮಾತ್ರ ಬೆಳೆಯುವುದಿಲ್ಲ. ಹುಲ್ಲಿನ ತೂಕವನ್ನು ಅಳೆಯದೆ ಆರಿಸಿದ ತಳಿಯನ್ನು ರೈತನು ಎರಡನೆಯ ವರ್ಷ ಬಿತ್ತದಿದ್ದರೆ, ಅವನ ಕಾರಣ ನಮ್ಮ ಕೋಷ್ಟಕದಲ್ಲಿ ಸಿಕ್ಕುವುದಿಲ್ಲ.