ಕೆಲಸವಿಲ್ಲದ ಡೈರೆಕ್ಟರ್

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಬಗ್ಗೆ ಮಾತು ಬಂದಾಗಲೆಲ್ಲ ನಾವು ಹಣದ ಸುದ್ದಿಯನ್ನೇ ಆಡುತ್ತೇವೆ. ದಿಢೀರನೆ ಬಂದ ದುಡ್ಡು ಬೆಂಗಳೂರಿನ ಒಂದು ಕುಟುಂಬವನ್ನು ಹೇಗೆ ಕೆಡಿಸಿತು ಎಂಬ ಓದು ತಪ್ಪೇನಲ್ಲ. ಆದರೆ ಈಚೆಗೆ ಮತ್ತೆ ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಕೆಲಸದ ಪ್ರಶ್ನೆ. ಮಾಡುವ ಕೆಲಸ ಕೈಬಿಟ್ಟರೆ ಮನುಷ್ಯ ತನ್ನ ಬೆಲೆಯನ್ನು ಎಲ್ಲಿ ಹುಡುಕಿಕೊಳ್ಳಬೇಕು?

ನಿರೂಪಕ ಸೋನಾ ಮಸಾಲೆ ಕಂಪನಿಯ ಡೈರೆಕ್ಟರ್. ಮಾಡಲು ಕೆಲಸವಿಲ್ಲ, ಸಂಬಳ ಬರುತ್ತದೆ. ಹೊತ್ತು ಕಳೆಯಲು ಕಾಫಿ ಹೌಸ್ ಇದೆ, ಅಲ್ಲಿ ವೇಟರ್ ವಿನ್ಸೆಂಟ್ ಇದ್ದಾನೆ. ‘ನಿನ್ನ ಕೆಲಸವೇ ನೀನಲ್ಲ’ ಎಂದು ಈಗ ಎಲ್ಲರೂ ಹೇಳುತ್ತಾರಲ್ಲ, ಆ ಮಾತನ್ನು ಒರೆಗೆ ಹಚ್ಚಲು ಇವನಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. (ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಬಾರದ ಹುಡುಗರಿಗೆ ಮೇಷ್ಟ್ರುಗಳಾದ ನಾವೂ ಇದನ್ನೇ ಹೇಳಿ ಸಮಾಧಾನ ಮಾಡುತ್ತೇವೆ.) ಅವನು ದುಡಿಮೆಯ ಗೊಡವೆಯಿಂದ ಪೂರಾ ಪಾರಾದವನು. ಆದರೂ ಅವನಲ್ಲಿ ತನ್ನ ಬಗ್ಗೆ ಗೌರವ ಮೊಳೆತಿಲ್ಲ. ಅವನ ಹೆಸರು ಕೂಡ ನಮಗೆ ತಿಳಿಯುವುದಿಲ್ಲ.

ಅವನ ಪಕ್ಕದಲ್ಲಿ ಅಪ್ಪನನ್ನು ಇಟ್ಟು ನೋಡಿ. ಅಪ್ಪ ಚಹಾಪುಡಿಯ ಸೇಲ್ಸ್‌ಮನ್ ಆಗಿದ್ದವನು. ವಸೂಲಿಯ ಲೆಕ್ಕ ತಾಳೆಯಾಗದ ಒಂದು ರಾತ್ರಿ ಇಡೀ ಮನೆ ಅವನ ಜೊತೆ ಕಾಗದಗಳ ಮುಂದೆ ಕೂರುತ್ತದೆ. ನನ್ನ ಮಟ್ಟಿಗೆ ಕೃತಿಯ ಅತ್ಯಂತ ಬೆಚ್ಚಗಿನ ಪುಟಗಳು ಇವೇ. ಕೆಲಸ ಹೋದಾಗ ಕೈಗೆ ಬಂದ ಹಣ ಚಿಕ್ಕಪ್ಪನ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ. ಕೇರಳದಿಂದ ಮಸಾಲೆ ಪದಾರ್ಥ ತರಿಸಿ, ಪೊಟ್ಟಣ ಕಟ್ಟಿ ಮಾರುವ ವ್ಯಾಪಾರ. ಆಮೇಲೆ ಅಪ್ಪ ಮೂಲೆಗೆ ಸರಿಯುತ್ತಾನೆ. ತನ್ನ ಪಾಲಿನ ಆಸ್ತಿಯನ್ನು ಎಲ್ಲಿ ದಾನ ಮಾಡಿಬಿಡುತ್ತಾನೋ ಎಂಬುದೇ ಈಗ ಮನೆಯವರ ಚಿಂತೆ. ಹಿಂದೆ ಎಲ್ಲರನ್ನೂ ಒಂದೇ ಲೆಕ್ಕದ ಮುಂದೆ ಕೂರಿಸಿದ್ದ ಅವನ ಕಟ್ಟುನಿಟ್ಟು ಇಂದು ಅದೇ ಮನೆಯಲ್ಲಿ ಭಯ ಹುಟ್ಟಿಸುತ್ತದೆ.

ಅನಿತಾಳ ವಿಷಯ ಕಷ್ಟದ್ದು. ಅವಳನ್ನು ಕೃತಿಯ ನೈತಿಕ ದನಿಯೆಂದು ಸಲೀಸಾಗಿ ಒಪ್ಪಿಬಿಡುವುದು ನನ್ನಿಂದಾಗದು. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟಿದಾಗ ಪ್ರತಿಭಟಿಸುವವಳು ಅವಳೊಬ್ಬಳೇ. ಆ ಹೆಂಗಸಿನ ಕುಲ, ನೆಲೆ, ಗಳಿಕೆ ಯಾವುದೂ ಅವಳಿಗೆ ಮುಖ್ಯವಲ್ಲ. ಅದೇ ಅನಿತಾ ಗಂಡನನ್ನು ಮಾತ್ರ ಸಂಪಾದನೆಯಿಂದ ಅಳೆಯುತ್ತಾಳೆ. ಗುರುತು ಪರಿಚಯವಿಲ್ಲದವಳಿಗೆ ಕೊಟ್ಟ ಮರ್ಯಾದೆ ಇವನಿಗೇಕಿಲ್ಲ? ಅವಳ ಪರವಾಗಿಯೂ ಒಂದು ಮಾತಿದೆ. ಮದುವೆಯಾದವಳಿಗೆ ‘ಡೈರೆಕ್ಟರ್’ ಎಂಬ ಪದವಿಯ ಹಿಂದೆ ಏನೂ ಇಲ್ಲವೆಂದು ಗೊತ್ತಾಗುವುದು ಆಮೇಲೆ. ಹಾಗಾದರೆ ಅವಳ ಸಿಟ್ಟು ಅವನ ನಿರುದ್ಯೋಗದ ಮೇಲೋ, ಅದನ್ನು ಮುಚ್ಚಿದ ಪದವಿಯ ಮೇಲೋ? ಶಾನಭಾಗರು ಬಿಡಿಸಿ ಹೇಳುವುದಿಲ್ಲ. ಕತೆ ಹೇಳುತ್ತಿರುವವನು ಗಂಡನೇ ಆದ್ದರಿಂದ ಹೇಳಿದ್ದರೂ ನಂಬುವುದು ಕಷ್ಟ. ನನಗೆ ಎರಡನೆಯದೇ ಇರಬೇಕು ಅನ್ನಿಸುತ್ತದೆ.

ಯಾಕೆಂದರೆ, ಆ ಹೆಂಗಸು ಬಾಗಿಲಲ್ಲಿ ನಿಂತಿದ್ದಾಗ ನಿರೂಪಕನೂ ಅಲ್ಲೇ ಇದ್ದ. ಅವಳ ಪರವಾಗಿ ಒಂದು ಮಾತಾಡಲು ಅವನಿಗೆ ಹುದ್ದೆ, ಸಂಬಳ ಯಾವುದೂ ಬೇಕಿರಲಿಲ್ಲ. ಅವನು ಸುಮ್ಮನಿದ್ದ. ಆ ಪುಟ ಓದುವಾಗ ಅವನಿಗೆ ಕೆಲಸವಿಲ್ಲ ಎಂಬುದು ನನಗೆ ನೆನಪಿಗೇ ಬರುವುದಿಲ್ಲ.